ಮುಳ್ಳಣ್ಣನ ಕ್ಯಾಸೆಟ್ಟು

ಗಡಿಯಾರ ರಿಪೇರಿ ಮಾಡುವವನಿಗೆ ಊರಿನವರು ಮುಳ್ಳಣ್ಣ ಎಂದು ಹೆಸರಿಟ್ಟರೆ ತಪ್ಪೇನಿಲ್ಲ ಬಿಡಿ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸಾಸಿವೆಯಷ್ಟು ಸ್ಕ್ರೂ ಹಿಡಿದು ಕೂತರೆ ಆಸಾಮಿಗೆ ಪ್ರಪಂಚವೇ ಬೇಡ. ಬೇಕಾದದ್ದು ಭಾನುವಾರ ಒಂದೇ. ಅಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ಶಾಸ್ತ್ರೀಯ ಸಂಗೀತದ ಹುಚ್ಚರು ಏಳೆಂಟು ಮಂದಿ ಸೇರುತ್ತಿದ್ದರು. ತಮ್ಮ ತಮ್ಮ ಕ್ಯಾಸೆಟ್ಟು ತರುವುದು, ಎಲ್ಲರಿಗೂ ಕೇಳಿಸುವುದು, ಆಮೇಲೆ ಜಗಳವಾಡುವುದು. ಅವರದೊಂದು ಕಟ್ಟುನಿಟ್ಟು: ಕೊನೆಯ ಸ್ವರ ಮುಗಿದ ಕೂಡಲೇ ಯಂತ್ರ ನಿಲ್ಲಿಸಬೇಕು. ಅದರ ಹಿಂದೆಯೇ ವಾರ್ತೆಯೋ ಜಾಹೀರಾತೋ ಕಿವಿಗೆ ಬಿದ್ದರೆ ಕೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಆ ಗುಂಪಿನ ಮುಕುಟಮಣಿ ಮುಳ್ಳಣ್ಣನದೇ ಕ್ಯಾಸೆಟ್ಟು. ಮೂವತ್ತು ವರ್ಷದ ಹಿಂದೆ ರೇಡಿಯೋದಲ್ಲಿ ಬಂದಾಗ ತಾನೇ ರೆಕಾರ್ಡು ಮಾಡಿಕೊಂಡ, ದೊಡ್ಡ ಗಾಯಕಿಯ ಅರ್ಧ ಗಂಟೆಯ ಕಛೇರಿ. ಬೇರೆಲ್ಲ ಕಡೆಗಿಂತ ಎತ್ತರದ ಶ್ರುತಿ, ಬೇರೆಲ್ಲ ಕಡೆಗಿಂತ ಚುರುಕು ನಡೆ! ಅಂಥ ಹಾಡು ಆಕೆ ಮತ್ತೆಂದೂ ಹಾಡಲಿಲ್ಲ ಎಂದು ಮುಳ್ಳಣ್ಣ ಎದೆ ತಟ್ಟಿಕೊಳ್ಳುತ್ತಿದ್ದ. ಪ್ರತಿ ಮಾಡಿ ಮಾಡಿ ಊರಿಗೆಲ್ಲ ಹಂಚಿದ್ದ.

ಮೊದಲ ಪ್ರತಿ ಕೊಟ್ಟದ್ದು ಅಕ್ಕನಿಗೆ. ಅಕ್ಕನಿಗೆ ಆಗ ಒಳ್ಳೇ ಕಂಠ, ಮೊದಲ ಕಛೇರಿಗೆ ತಯಾರಿ ನಡೆದಿತ್ತು. "ಅಕ್ಕಾ, ಹಾಡಿದ್ರೆ ಈ ಶ್ರುತೀಲೇ ಹಾಡ್ಬೇಕು. ಇಳಿಸಿದ್ರೆ ಜೀವಾನೇ ಇರಲ್ಲ," ಎಂದಿದ್ದ ತಮ್ಮ. ಅವಳಿಗೆ ತಮ್ಮನ ಮಾತೆಂದರೆ ವೇದವಾಕ್ಯ. ಎರಡು ವರ್ಷ ಆ ಎತ್ತರಕ್ಕೆ ಗಂಟಲು ಕಿತ್ತುಕೊಂಡಳು. ಗಂಟಲು ಒಡೆಯಿತು, ಕಛೇರಿ ನಿಂತಿತು, ಹಾರ್ಮೋನಿಯಂ ಅಟ್ಟ ಸೇರಿತು. ಆಮೇಲಿಂದ ತಮ್ಮನ ಮನೆಯಲ್ಲೇ ಇದ್ದು ಪರದೆ ಹೊಲಿಯುತ್ತಾಳೆ. "ನನ್ನ ಗಂಟಲು ಅಷ್ಟಕ್ಕೇ," ಎನ್ನುತ್ತಾಳೆ, ಮುಗಿಯಿತು.

ಹೋದ ಭಾನುವಾರ ಗುಂಪಿಗೆ ಹೊಸದಾಗಿ ಬಂದ ಹಲ್ಲಿನ ಡಾಕ್ಟರು ಅದೇ ಕಛೇರಿಯನ್ನು ತಂದರು, ರೇಡಿಯೋದವರ ಮೂಲ ರೀಲಿನಿಂದ ಇಳಿಸಿಕೊಂಡದ್ದಂತೆ. ಹಾಕಿದರು. ಅದೇ ಹಾಡು, ನಡುವೆ ಯಾರೋ ಕೆಮ್ಮಿದ ಜಾಗವೂ ಅದೇ. ಆದರೆ ಶ್ರುತಿ ಹಾರ್ಮೋನಿಯಂನಲ್ಲಿ ಎರಡು ಮನೆ ಕೆಳಗೆ! ನಡೆಯೂ ನಿಧಾನ. ಕೋಣೆಯಲ್ಲಿ ಗದ್ದಲವೋ ಗದ್ದಲ.

"ಡಾಕ್ಟ್ರೇ, ನಿಮ್ಮ ಯಂತ್ರಕ್ಕೆ ನಿದ್ದೆ ಬಂದಿದೆ," ಎಂದರು ಪೋಸ್ಟ್ ಮಾಸ್ಟರು. "ನಮ್ಮೆಲ್ಲರ ಹತ್ರ ಇರೋ ಕ್ಯಾಸೆಟ್ಟು ಸುಳ್ಳು ಹೇಳುತ್ತಾ?"

"ನಿಮ್ಮೆಲ್ಲರ ಕ್ಯಾಸೆಟ್ಟೂ ಒಂದೇ ತಾಯಿ ಮಕ್ಕಳು ಸ್ವಾಮಿ. ತಾಯೇ ಓಡ್ತಾ ಇದ್ರೆ ಮಕ್ಕಳು ನಡೀತಾವಾ?"

ಮುಳ್ಳಣ್ಣನ ತಲೆ ಗಿರ್ರೆಂದಿತು. ವಾರವಿಡೀ ಒಬ್ಬರ ವಾಚು ಇನ್ನೊಬ್ಬರಿಗೆ ಕೊಟ್ಟ, ಗಂಟೆಯ ಮುಳ್ಳಿನ ಜಾಗಕ್ಕೆ ನಿಮಿಷದ ಮುಳ್ಳು ಕೂರಿಸಿದ. ಡಾಕ್ಟರದೇ ನಿಧಾನ ಇರಬಹುದು. ಇಲ್ಲ, ತನ್ನದೇ ಓಡುತ್ತಿರಬಹುದು. ತನ್ನದೇ ಓಡುತ್ತಿದ್ದರೆ ಅಕ್ಕನ ಗತಿ? ಅಲ್ಲಿಗೆ ಬಂದು ಯೋಚನೆ ನಿಲ್ಲುತ್ತಿತ್ತು, ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಥೂ, ಇದೆಂಥ ಪೀಕಲಾಟ!

ಶುಕ್ರವಾರ ಮಧ್ಯಾಹ್ನ ತನ್ನ ಮೂಲ ಕ್ಯಾಸೆಟ್ಟನ್ನೇ ಮತ್ತೊಮ್ಮೆ ಹಾಕಿದ. ಹಾಡು ಮುಗಿಯಿತು. ಗೊಂದಲದಲ್ಲಿ ಕೈ ಗುಂಡಿಯ ಕಡೆ ಹೋಗಲೇ ಇಲ್ಲ. ಟೇಪು ಮುಂದಕ್ಕೆ ತಿರುಗಿ, ಪೀಪ್, ಪೀಪ್ ಎಂದಿತು. ರೇಡಿಯೋದವರು ಸಮಯ ತಿಳಿಸುವ ಸದ್ದು, ಆರು ಸಲ, ಸೆಕೆಂಡಿಗೊಂದು. ಮೂವತ್ತು ವರ್ಷದಲ್ಲಿ ಯಾರೂ ಅಲ್ಲಿವರೆಗೆ ಓಡಲು ಬಿಟ್ಟಿರಲಿಲ್ಲ.

ಸೆಕೆಂಡೆಂದರೆ ಏನೆಂದು ಮುಳ್ಳಣ್ಣನಿಗೆ ಯಾರೂ ಹೇಳಿಕೊಡಬೇಕಿಲ್ಲ. ಕಿವಿ ನೆಟ್ಟಗಾಯಿತು. ಹಿಂದಕ್ಕೆ ಸುತ್ತಿ ಸ್ಟಾಪ್‌ವಾಚು ಹಿಡಿದ. ಮೊದಲ ಸದ್ದಿನಿಂದ ಆರನೆಯದಕ್ಕೆ ಐದು ಸೆಕೆಂಡು ಬರಬೇಕು, ಬಂದದ್ದು ನಾಲ್ಕೂವರೆ. ಮೂರು ಸಲವೂ ನಾಲ್ಕೂವರೆ. ಅಂದು ರೆಕಾರ್ಡು ಮಾಡಿದ ಹಳೇ ಯಂತ್ರ ನಿಧಾನವಾಗಿ ತಿರುಗಿತ್ತು. ಸರಿಯಾದ ಯಂತ್ರಕ್ಕೆ ಹಾಕಿದಾಗಲೆಲ್ಲ ಹಾಡು ಓಡಿತ್ತು, ಓಡಿದಷ್ಟೂ ಶ್ರುತಿ ಏರಿತ್ತು. ಆ ಗಾಯಕಿಯೂ ಆ ಎತ್ತರದಲ್ಲಿ ಹಾಡಿರಲಿಲ್ಲ. ಊರಿನ ಗಡಿಯಾರವೆಲ್ಲ ಸರಿ ಮಾಡುವ ಮಹಾಶಯನಿಗೆ ಇದು ತಿಳಿಯಲು ಮೂವತ್ತು ವರ್ಷ ಬೇಕಾಯಿತು.

ಡಾಕ್ಟರ ಕ್ಯಾಸೆಟ್ಟು ಕೇಳಿ ಪಡೆದು ಮನೆಗೆ ಬಂದ. ಅಕ್ಕ ಕಿಟಕಿಯ ಬಳಿ ಪರದೆಗೆ ಅಂಚು ಹೊಲಿಯುತ್ತಿದ್ದಳು. ಹೇಗೆ ಹೇಳುವುದೆಂದು ತೋಚದೆ ಹಿಂದುಮುಂದಾಗಿ ಎಲ್ಲ ಹೇಳಿಬಿಟ್ಟ. ಮೊದಲು ಪೀಪ್ ಅಂದ, ಆಮೇಲೆ ಡಾಕ್ಟರು, ಆಮೇಲೆ ಹಳೇ ಯಂತ್ರ.

"ಏನೋ ಹೇಳ್ತಿದ್ದೀಯ, ಒಂದೂ ಅರ್ಥ ಆಗ್ತಿಲ್ಲ. ಹಾಕು ನೋಡೋಣ," ಎಂದಳು.

ಹಾಕಿದ. ಸೂಜಿ ಬಟ್ಟೆಯಲ್ಲೇ ನಿಂತಿತು. ಸ್ವಲ್ಪ ಹೊತ್ತಿಗೆ ಅಕ್ಕ ಮೆಲ್ಲಗೆ ಜೊತೆ ಸೇರಿಸಿದಳು. ಇಪ್ಪತ್ತೆಂಟು ವರ್ಷದ ಮೇಲೆ! ಕೆಳಗಿನ ಸ್ವರಗಳು ಬಂದವು. ಮೇಲಿನ ಸ್ವರಕ್ಕೆ ಹೋಗುವಾಗ ದನಿ ಒಡೆಯಿತು, ನಿಲ್ಲಿಸಿದಳು.

"ಈಗ ಆಗಲ್ಲ," ಎಂದಳು. "ಆಗ ಇದು ನನ್ಗೆ ನೀರು ಕುಡಿದಷ್ಟು ಸಲೀಸಾಗಿತ್ತು ಕಣೋ."

ಬೈದರೆ ತಲೆ ತಗ್ಗಿಸಲು ಮುಳ್ಳಣ್ಣ ಸಿದ್ಧನಾಗಿದ್ದ. ಅತ್ತರೆ ಏನು ಮಾಡಬೇಕೋ ತಿಳಿದಿರಲಿಲ್ಲ. ಅಕ್ಕ ಬೈಯಲೂ ಇಲ್ಲ, ಅಳಲೂ ಇಲ್ಲ. ಅವಳ ಮುಖದಲ್ಲಿದ್ದದ್ದು ಸಂತೋಷವೋ ಸಂಕಟವೋ ಅವನಿಗೆ ಗೊತ್ತಾಗಲಿಲ್ಲ.

"ಹಾಗಾದ್ರೆ ನನ್ನ ಗಂಟಲು ಚೆನ್ನಾಗೇ ಇತ್ತು, ಅಲ್ವೇನೋ?"

"ಹೂಂ ಅಕ್ಕಾ."

"ಹೂಂ ಅನ್ಬೇಡ. ಬಾಯಿಬಿಟ್ಟು ಹೇಳು."

"ಚೆನ್ನಾಗೇ ಇತ್ತು ಅಕ್ಕಾ," ಎಂದ ಮುಳ್ಳಣ್ಣ. ಅವಳು ಇನ್ನೊಂದು ಸಲ ಹೇಳಿಸಿದಳು.