ಅರಳಿ ಗಿಡಕ್ಕೆ ಒಂದು ಹಿಡಿ ಯೂರಿಯಾ

ಕಳೆದ ತಿಂಗಳು ಒಂದು ಅರಳಿ ಮರಕ್ಕೆ ಒಂದು ಹಿಡಿ ಯೂರಿಯಾ ಹಾಕಿದೆ. ಮರ ಎಷ್ಟು ಎತ್ತರ ಅಂತೀರಾ? ನನ್ನ ಗೇಣಿಗಿಂತ ನಾಲ್ಕು ಬೆರಳು ಹೆಚ್ಚು.

ಅದು ನನ್ನ ತಂಗಿ ಸುಮಂಗಲಳ ಬೋನ್ಸಾಯ್. ಕುರುಗೋಡಿನಲ್ಲಿ ನಮ್ಮ ಸೋದರತ್ತೆಯ ಮನೆ ರಿಪೇರಿ ಮಾಡುವಾಗ ಗೋಡೆಯ ಬಿರುಕಿನಲ್ಲಿ ಸಿಕ್ಕ ಸಸಿ. ಕೀಳಲು ಗೌಂಡಿ ಒಪ್ಪಲಿಲ್ಲ. ದೇವರ ಮರ, ಪಾಪ ಯಾರು ಕಟ್ಟಿಕೊಳ್ಳಬೇಕು? ತಂಗಿಯೇ ಬೇರು ಹರಿಯದಂತೆ ಬಿಡಿಸಿಕೊಂಡು ಬಳ್ಳಾರಿಗೆ ತಂದು ಸಾಕಿದಳು.

ಕಳೆದ ತಿಂಗಳು ಕಾಶಿಯಾತ್ರೆಗೆ ಹೊರಟಾಗ ಗಿಡವನ್ನು ಸಿರುಗುಪ್ಪದ ನಮ್ಮ ಮನೆಯಲ್ಲಿಟ್ಟಳು. "ದಿನಾ ಒಂದೀಟು ನೀರು ಹಾಕಣ್ಣ. ಬ್ಯಾರೆ ಏನೂ ಬ್ಯಾಡ."

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. (ಅಂಕಣ ಬರೆಯುತ್ತೇನೆಂದು ಮೋಸ ಹೋಗಬೇಡಿ.) ನನಗೆ ಗೊತ್ತಿರುವುದು ಭತ್ತ. ಭತ್ತ ಸೊರಗಿದರೆ ನಾವು ಯೋಚಿಸುವುದಿಲ್ಲ, ಗೊಬ್ಬರ ಎರಚುತ್ತೇವೆ. ತಟ್ಟೆಯಷ್ಟು ಮಣ್ಣಿನಲ್ಲಿ ನಿಂತ ಅರಳಿಯನ್ನು ಕಂಡು ಕರುಳು ಚುರ್ ಎಂದಿತು. ಪಾಪ, ಉಪವಾಸ ಕೆಡವಿದ್ದಾಳೆ!

ವಾರದೊಳಗೆ ಎಲೆಯಂಚುಗಳು ಸುಟ್ಟುಹೋದವು. ಆಮೇಲೆ ಎಲೆಗಳೇ ಉದುರಿದವು.

ತಂಗಿ ಬಂದು ನೋಡಿದಳು. "ಏನಾತಣ್ಣ ಇದಕ್ಕ?"

"ಬಿಸಿಲು ಭಾಳ ಐತಲ್ಲವಾ" ಎಂದೆ. ನಮ್ಮ ಜಿಲ್ಲೆಯಲ್ಲಿ ಯಾವ ತಪ್ಪನ್ನಾದರೂ ಬಿಸಿಲಿನ ಮೇಲೆ ಹಾಕಬಹುದು, ಅಲ್ಲವೇ?

ನಂಬಿದಳು. ಗಿಡವನ್ನು ಬಳ್ಳಾರಿಗೆ ಒಯ್ದು ನೆರಳಿಗಿಟ್ಟಳು, ಒದ್ದೆ ಗೋಣಿ ಸುತ್ತಿದಳು. ದಿನಾ ಫೋನು. "ಕೊಂಬಿ ತುದಿ ಒಣಗಾಕ ಹತ್ಯಾವಣ್ಣ." ನಾನು ಸುಳ್ಳು ರೋಗ ಹೇಳಿದ್ದೆ. ಆಕೆ ಅದಕ್ಕೆ ಔಷಧ ಮಾಡುತ್ತಿದ್ದಳು. ಬೇರು ಮಾತ್ರ ಯೂರಿಯಾದಲ್ಲೇ ಬೇಯುತ್ತಿತ್ತು. ಇನ್ನೂ ಬಾಯಿ ಮುಚ್ಚಿಕೊಂಡಿದ್ದರೆ ಗಿಡ ಸಾಯುವುದು ಖಂಡಿತ.

ಬಳ್ಳಾರಿ ಬಸ್ ಹತ್ತಿದೆ. ತಂಗಿಯ ಮನೆ ಬಾಗಿಲಲ್ಲೇ ಹೇಳಿಬಿಟ್ಟೆ. "ಬಿಸಿಲಿಂದ ಅಲ್ಲವ್ವಾ. ನಾನು ಯೂರಿಯಾ ಹಾಕೀನಿ."

ತಂಗಿ ಕೇಳಿದಳು: "ಎಷ್ಟು?"

"ಒಂದು ಹಿಡಿ."

"ನಿನ್ನ ಹಿಡಿಯೋ, ನನ್ನ ಹಿಡಿಯೋ?"

ಕೈ ತೋರಿಸಿದೆ.

"ಎಲ್ಡು ಮಡಿ ಭತ್ತಕ್ಕ ಆಗೋದು ಒಂದು ತಟ್ಟಿಗೆ ಹಾಕೀಯಲ್ಲಪ್ಪ."

ಅಷ್ಟೇ ಬೈಗುಳ. ಕೂಡಲೇ ಕೆಲಸಕ್ಕೆ ಕುಳಿತಳು. ಗಿಡ ಎತ್ತಿ ಹಳೆಯ ಮಣ್ಣೆಲ್ಲ ಉದುರಿಸಿದಳು. ಬೋರಿನ ಸವಳು ನೀರು ಬೇಡವೆಂದು ಕುಡಿಯುವ ಕ್ಯಾನಿನ ನೀರಲ್ಲೇ ಬೇರು ತೊಳೆದಳು. ಕಪ್ಪಾದವನ್ನು ಕತ್ತರಿಸಿದಳು. ಬಿಳಿ ಬೇರು ಸಿಕ್ಕಾಗ ಬೆರಳುಗಳು ತಾವಾಗಿಯೇ ಮೆತ್ತಗಾಗುತ್ತಿದ್ದವು. ಇಟ್ಟಿಗೆ ಚೂರು, ದಪ್ಪ ಮರಳಿನಲ್ಲಿ ನೆಟ್ಟು ಪ್ಲಾಸ್ಟಿಕ್ ಕವರ್ ಮುಚ್ಚಿದಳು.

"ಇನ್ನೇನರ ಹಾಕಬೇಕಾ?" ಎಂದೆ.

"ಏನಿಲ್ಲ. ನೀನು ಕೈ ಹಿಂದಕ ಕಟ್ಕೊಂಡು ಕುಂದ್ರು."

ಆಮೇಲೆ ಆಕೆಯೂ ಏನೂ ಮಾಡಲಿಲ್ಲ, ಕಾದಳು. ನನ್ನಂಥವನಿಗೆ ಎಂದಾದರೂ ಬರುವ ವಿದ್ಯೆಯೇ ಅದು?

ನಿನ್ನೆ ಹೋದಾಗ ಬೋಳು ಕೊಂಬೆಯಲ್ಲಿ ತಾಮ್ರದ ಬಣ್ಣದ ಚಿಗುರು, ಉಗುರಿನಷ್ಟು. ಕೈಮುಗಿಯಬೇಕೆನಿಸಿತು. ಗಿಡಕ್ಕಲ್ಲ.

ಹೊರಡುವಾಗ ತಂಗಿ ಹೇಳಿದಳು: "ಬರೋ ತಿಂಗಳು ಮದಿವಿಗೆ ಹೋಗಾಕಿ ಅದೀನಣ್ಣ. ಗಿಡ ನಿನ್ನ ಹತ್ರನ ಬಿಟ್ಟು ಹೋಗ್ತೀನಿ."

ಕೆಡಿಸಿದ ಕೈಗೇ ಮತ್ತೆ ಒಪ್ಪಿಸುವಷ್ಟು ಗುಂಡಿಗೆ ನಿಮ್ಮ ಮನೆಯಲ್ಲಿ ಯಾರಿಗಿದೆ?