ಗುಳಿಗೆಯ ಜಾಗದಲ್ಲಿ ಅಗಸಿ

2022ರಲ್ಲಿ ನಾನು ಹುಮನಾಬಾದಿನಲ್ಲಿ ಮನೋವೈದ್ಯನಾಗಿ ಆರು ಹಾಸಿಗೆಗಳ ಸ್ವಂತ ಕ್ಲಿನಿಕ್ ನಡೆಸುತ್ತಿದ್ದೆ. ಕುಡಿತ ಬಿಡಿಸುವ ಕೆಲಸದಲ್ಲಿ ಮೂವತ್ತು ವರ್ಷ ಕಳೆದಿತ್ತು. ನನಗೆಲ್ಲ ಗೊತ್ತು ಎಂಬ ಧಿಮಾಕೂ ಇತ್ತು.

ಆ ಚಳಿಗಾಲದಲ್ಲಿ ಸಂಗೀತಾ ಎಂಬಾಕೆ ಕೊಹಿನೂರದಿಂದ ತನ್ನ ಗಂಡ ಬಾಬುರಾವನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಬಂದಳು. ಅವನಿಗೆ ಮೂವತ್ತೆಂಟು ವರ್ಷ. ಇಲ್ಲಿಯ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಕೆಲಸ. ಪಾಳಿ ಮುಗಿದೊಡನೆ ಕುಡಿತ, ಜೊತೆಗೆ ಹೈವೇ ಬದಿಯ ಗಾಡಿಯ ಮಿರ್ಚಿ ಭಜಿ. ಮನೆಯ ಊಟವನ್ನು ಅವನು ಮರೆತೇಬಿಟ್ಟಿದ್ದ. ಹತ್ತು ದಿನ ಇಟ್ಟುಕೊಂಡು, ನಡುಕ ಮತ್ತು ಫಿಟ್ಸ್ ಬಾರದಂತೆ ಗುಳಿಗೆ ಕೊಟ್ಟು, ಅದನ್ನು ಹಂತಹಂತವಾಗಿ ಇಳಿಸಿದೆ. ಮನೆಗೆ ಹೋಗುವಾಗ ಕುಡಿಯುವ ಬಯಕೆ ತಗ್ಗಿಸುವ ಗುಳಿಗೆ ಬರೆದುಕೊಟ್ಟೆ.

ಊಟ ಏನು ಹಾಕಲಿ ಎಂದು ಸಂಗೀತಾ ಕೇಳಿದಳು. ನನಗೆ ತುಂಬಾ ಪ್ರೀತಿಯ ವಿಷಯ ಅದು. ಮಿದುಳಿನ ಒಣ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೊಬ್ಬೇ ಎಂದೆ. ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಮೀನಿನಲ್ಲಿ, ಅಗಸಿ ಬೀಜದಲ್ಲಿ ಸಿಗುತ್ತದೆ. ಅದು ಕಡಿಮೆಯಾದರೆ ಮಿದುಳು ಚಟದತ್ತ ಬೇಗ ವಾಲಬಹುದು ಎಂದೂ ಹೇಳಿದೆ. ಅವಳ ಮುಖ ಅರಳಿತು.

"ಅಗಸಿ ನಮ್ಮ ಹೊಲದಾಗೇ ಬೆಳೀತದ್ರಿ ಸಾಬ್ರ. ದಿನಾ ಚಟ್ನಿ ಹಿಂಡಿ ಕುಟ್ಟಿ ಹಾಕ್ಲೇನ್ರಿ?"

"ಹಾಕವ್ವ, ರೊಟ್ಟಿ ತುಂಬ ಹಾಕು. ಅದೂ ಔಷಧನೇ."

ಈ ಮಾತಿನ ಅರ್ಧ ನನ್ನ ಬಾಯಲ್ಲೇ ಉಳಿಯಿತು. ಇದರ ಸಾಕ್ಷ್ಯ ಹೆಚ್ಚಾಗಿ ಪ್ರಾಣಿಗಳ ಮೇಲಿನ ಪ್ರಯೋಗಗಳದ್ದು, ಅಂಟಿಕೊಂಡ ಚಟವನ್ನು ಅಗಸಿ ಬಿಡಿಸುತ್ತದೆಂದು ಯಾರೂ ತೋರಿಸಿಲ್ಲ, ಗುಳಿಗೆ ನಿಲ್ಲಿಸಲೇಬೇಡ. ಇಷ್ಟನ್ನು ಹೇಳಬೇಕಿತ್ತು. ಹೊರಗೆ ರೋಗಿಗಳು ಕಾಯುತ್ತಿದ್ದರು. ನಿಜ ಹೇಳಬೇಕೆಂದರೆ, ಆ ಅರಳಿದ ಮುಖ ನೋಡುವುದು ನನಗೆ ಹಿತವಾಗಿತ್ತು.

ನಾಲ್ಕು ತಿಂಗಳ ನಂತರ ಸಂಗೀತಾ ಒಬ್ಬಳೇ ಬಂದಳು. ಕುಂಕುಮ ಇರಲಿಲ್ಲ. ಮೇಜಿನ ಮೇಲೆ ಮೂರು ತುಂಬು ಗುಳಿಗೆ ಪಟ್ಟಿಗಳನ್ನಿಟ್ಟು, "ಬ್ಯಾರೆ ಯಾರಿಗರೆ ಆಗ್ತಾವ್ರಿ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ಇವನ್ನ ಯಾಕ ಕೊಡಲಿಲ್ಲ?" ಎಂದು ರೇಗಿಬಿಟ್ಟೆ.

"ಹುಚ್ಚರ ಗುಳಿಗಿ ಅಂತ ಮಂದಿ ಆಡ್ಕೋತಿದ್ರು, ಇವರಿಗೆ ಶರಮ್ ಆಗ್ತಿತ್ರಿ. ಅಗಸಿನೂ ಔಷಧ ಅಂದಿದ್ರಲ್ರಿ ನೀವು. ಅದನ್ನೇ ಹಾಕಾಕತ್ತಿದ್ದೆ."

ಉಳಿದದ್ದನ್ನು ಅವಳೇ ಹೇಳಿದಳು. ಎರಡು ತಿಂಗಳು ಚೆನ್ನಾಗಿದ್ದ. ಆಮೇಲೆ ಸಂಗಡಿಗರ ಜೊತೆ ಮತ್ತೆ ಶುರುವಾಯಿತು. ಮೂರು ವಾರ ಹಗಲೂ ಕುಡಿದ. ನನ್ನೆದುರು ಬರಲು ಇಬ್ಬರಿಗೂ ನಾಚಿಕೆ. ಒಂದು ದಿನ ಅವನೇ ಬಾಟಲಿ ಒಡೆದುಹಾಕಿ, "ಇನ್ನ ಮುಟ್ಟಂಗಿಲ್ಲ, ನೀ ಅಗಸಿ ಹಾಕು" ಎಂದನಂತೆ. ಹೀಗೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಮರುದಿನ ಬೆಳಿಗ್ಗೆ ಫಿಟ್ಸ್ ಬಂತು, ಒಂದರ ಬೆನ್ನಿಗೆ ಇನ್ನೊಂದು. ಬಸವಕಲ್ಯಾಣದ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ, ಆಟೋದಲ್ಲೇ, ಅವಳ ತೊಡೆಯ ಮೇಲೆ ಜೀವ ಹೋಯಿತು.

ಅಯ್ಯೋ, ನಾನೆಂಥ ಡಾಕ್ಟರ್! ಸಿಟ್ಟೆಲ್ಲ ಇಳಿದುಹೋಗಿತ್ತು. ಅವಳು ಸೆರಗಿನ ತುದಿ ಹಿಂಡುತ್ತ ಕೇಳಿದಳು:

"ಖರೇ ಹೇಳ್ರಿ ಸಾಬ್ರ. ನಾ ಅಗಸಿ ಕಮ್ಮಿ ಹಾಕಿದ್ನೇನ್ರಿ?"

"ಇಲ್ಲವ್ವ. ತಪ್ಪು ನಂದು. ನಾ ನಿನಗ ಪೂರಾ ಹೇಳಲಿಲ್ಲ" ಎಂದೆ.

ಅವಳು ತಲೆ ಅಲ್ಲಾಡಿಸಿದಳು. "ನನ್ನ ಸಮಾಧಾನಕ್ಕ ಹೇಳಾಕತ್ತೀರಿ, ಬಿಡ್ರಿ."

ಈಗಲೂ ಅಗಸಿ ತಿನ್ನಿ ಎನ್ನುತ್ತೇನೆ, ಅದು ಒಳ್ಳೆಯ ಆಹಾರವೇ. ಆದರೆ ಅದರಿಂದ ಚಟ ಬಿಡುವುದಿಲ್ಲ ಎಂಬುದನ್ನು ಮೊದಲು ಹೇಳಿ, ಮನೆಯವರ ಬಾಯಿಂದ ತಿರುಗಿ ಹೇಳಿಸಿಯೇ ಕಳಿಸುತ್ತೇನೆ. ಆಶೆ ತುಂಬುವ ಮಾತನ್ನು ವೈದ್ಯ ಅರ್ಧಕ್ಕೆ ಬಿಡಬಾರದು ಎಂದು ಈ ವೃತ್ತಿ ನನಗೆ ಕಲಿಸಿದ್ದು ಒಂದು ಜೀವದ ಬೆಲೆಗೆ. ಸಂಗೀತಾ ಮಾತ್ರ, ತನ್ನ ಕೈಯಳತೆಯೇ ತಪ್ಪಿತೆಂದು ಇಂದಿಗೂ ನಂಬಿದ್ದಾಳೆ.