ಅಂಗೈಯ ಸೀಲು

ಎಪ್ಪತ್ತರ ದಶಕದ ಮಂಗಳೂರಿನಲ್ಲಿ ಬೆಳಗಿನ ಹೊತ್ತು ಗಂಡಸೊಬ್ಬ ರಸ್ತೆಯಲ್ಲಿ ಓಡುತ್ತಿದ್ದಾನೆ ಎಂದರೆ ಜನರಿಗೆ ಎರಡೇ ಕಾರಣ ಹೊಳೆಯುತ್ತಿತ್ತು. ಒಂದೋ ಮನೆಯಲ್ಲಿ ಯಾರಿಗೋ ಕಾಯಿಲೆ ಜೋರಾಗಿದೆ, ಇಲ್ಲವೇ ಹಿಂದೆ ನಾಯಿ ಬರುತ್ತಿದೆ. ನಾನು ಕುದ್ರೋಳಿಯ ಮನೆಯಿಂದ ಹೊರಟು ಮಣ್ಣಗುಡ್ಡೆ ದಾಟುವಷ್ಟರಲ್ಲಿ ಮೂವರಾದರೂ ಕೇಳುತ್ತಿದ್ದರು, "ಎಂತ ಆಯ್ತು ಮಾರಾಯ? ಯಾರಿಗೆ ಹುಷಾರಿಲ್ಲ?" ಮೊದಮೊದಲು ನಿಂತು ವಿವರಿಸುತ್ತಿದ್ದೆ. ಆಮೇಲೆ ಉಸಿರು ದಂಡ ಎಂದು ಬಿಟ್ಟೆ. ಹಾಲು ತರುವ ಮುದುಕಿಯೊಬ್ಬಳು ಮಾತ್ರ ವರ್ಷಗಟ್ಟಲೆ ದಿನಾ ಕೇಳಿದಳು. ಕೆಲಸವಿಲ್ಲದೆ ಸುಮ್ಮನೆ ಬೆವರು ಹರಿಸುವ ಮನುಷ್ಯನೊಬ್ಬ ಇರಬಹುದು ಎಂಬುದು ಅವಳ ಲೆಕ್ಕಕ್ಕೆ ಬರಲೇ ಇಲ್ಲ. ಅವಳದು ತಪ್ಪು ಎನ್ನಲಾರೆ, ನಮ್ಮ ಮನೆಯಲ್ಲೂ ಅದೇ ಅಭಿಪ್ರಾಯವಿತ್ತು.

ನಮ್ಮ ಮನೆ ಎಂದೆ. ಅದು ಮಾವನ ಮನೆ, ಅಂದರೆ ಅಮ್ಮನ ಅಣ್ಣನದು. ನಾನು ಆರನೆಯ ಕ್ಲಾಸಿನಲ್ಲಿರುವಾಗ ಅಪ್ಪ ತೀರಿಕೊಂಡರು, ಅಮ್ಮ ನನ್ನನ್ನು ಕಟ್ಟಿಕೊಂಡು ಅಲ್ಲಿಗೆ ಬಂದಳು. ನಮ್ಮ ಕಡೆ ಸೋದರಮಾವನ ಸ್ಥಾನ ಅಪ್ಪನಿಗಿಂತ ಒಂದು ಮೆಟ್ಟಿಲು ಮೇಲೆ. ಮಾವನಿಗೆ ಮದುವೆಯಾಗಿರಲಿಲ್ಲ. ಊರಿನ ದೊಡ್ಡ ಹೋಟೆಲೊಂದರಲ್ಲಿ ಮ್ಯಾನೇಜರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು, ಬಾಯಲ್ಲಿ ದಿನಕ್ಕೆ ಹತ್ತು ಸಲ "ಧಣಿಗಳು". ಧಣಿಗಳು ಹೀಗೆ ಹೇಳಿದರು, ಧಣಿಗಳಿಗೆ ಹಾಗಾದರೆ ಆಗುವುದಿಲ್ಲ. ಅಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಾ ಅದನ್ನೆಲ್ಲ ಪುರಾಣ ಕೇಳಿದ ಹಾಗೆ ಕೇಳುತ್ತಿದ್ದಳು. ನಾನು ಪಿಯುಸಿ ಮುಗಿಸಿ, ಟೈಪಿಂಗ್ ಕಲಿತು, ಅರ್ಜಿ ಹಾಕಿ ಹಾಕಿ ಸೋತು, ಕೊನೆಗೆ ಎರಡು ಹೊತ್ತು ಉಣ್ಣುವುದು ಮತ್ತು ಒಂದು ಹೊತ್ತು ಓಡುವುದು, ಇಷ್ಟೇ ಕೆಲಸವಾಗಿ ಉಳಿದಿದ್ದೆ.

ಮಾವ ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. "ಓಡಿದರೆ ಹೊಟ್ಟೆ ತುಂಬ್ತದಾ?" ಎಂದು ಕೇಳಿದವರೂ ಅವರೇ, ಶನಿವಾರ ಹೋಟೆಲಿನಿಂದ ಬರುವಾಗ ಪೇಪರಿನಲ್ಲಿ ಸುತ್ತಿದ ನಾಲ್ಕು ಬೇಯಿಸಿದ ಮೊಟ್ಟೆ ತಂದು ಮಾತಿಲ್ಲದೆ ನನ್ನ ಬಟ್ಟಲಿನ ಪಕ್ಕ ಇಡುತ್ತಿದ್ದವರೂ ಅವರೇ. ಭಾನುವಾರ ನನ್ನ ದೊಡ್ಡ ಓಟ ಎಂದು ಅವರಿಗೆ ಗೊತ್ತಿತ್ತು.

ಆ ದೊಡ್ಡ ಓಟ ಬಜಪೆಯ ವರೆಗೆ. ಕೊಟ್ಟಾರ, ಕಾವೂರು, ಮರವೂರಿನ ಸೇತುವೆ, ಆಮೇಲೆ ಮಂಡಿ ಮುರಿಯುವ ಏರು. ಮಳೆಗಾಲದಲ್ಲಿ ಕ್ಯಾನ್ವಾಸ್ ಶೂ ನೀರು ಕುಡಿದು ಒಂದೊಂದು ಕಾಲು ಒಂದೊಂದು ಸೇರು ತೂಗುತ್ತಿತ್ತು. ಅಟ್ಟೆ ಬಿಟ್ಟರೆ ಸೈಕಲ್ ಟ್ಯೂಬು ಕತ್ತರಿಸಿ ಅಂಟಿಸುತ್ತಿದ್ದೆ. ಆ ಏರಿನಲ್ಲಿ ವಿಮಾನ ನಿಲ್ದಾಣಕ್ಕೆ ಹೋಗುವ ಅಂಬಾಸಿಡರ್ ಕಾರುಗಳು ನನ್ನನ್ನು ದಾಟುತ್ತಿದ್ದವು. ಮೇಲೆ ಹಗ್ಗ ಬಿಗಿದ ಪೆಟ್ಟಿಗೆ, ಒಳಗೆ ಅಳುವ ಹೆಂಗಸರು, ನಡುವೆ ಗಲ್ಫಿಗೆ ಹೊರಟ ನನ್ನದೇ ವಯಸ್ಸಿನವನು. ಅವನು ಕಿಟಕಿಯಿಂದ ನನ್ನನ್ನು ನೋಡುತ್ತಿದ್ದ, ನಾನು ಅವನನ್ನು. ಇಬ್ಬರಲ್ಲಿ ಯಾರು ಮರುಳ ಎಂದು ಆಗ ನನಗೆ ಸಂಶಯವಿರಲಿಲ್ಲ. ಈಗ ಉಂಟು.

ನನಗೂ ಒಂದು ಆಸೆಯ ಎಳೆ ಸಿಕ್ಕಿದ್ದು ಎಂಬತ್ತರ ದಶಕ ಶುರುವಾದ ಹೊಸತರಲ್ಲಿ. ಊರಿನ ಒಂದು ಬ್ಯಾಂಕು ಆಟಗಾರರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತಿತ್ತು. ಅಲ್ಲಿ ಕ್ರೀಡೆಯ ಜವಾಬ್ದಾರಿ ಹೊತ್ತಿದ್ದ ಒಬ್ಬರು ಮೈದಾನದಲ್ಲಿ ನಾನು ಓಡುವುದನ್ನು ನೋಡಿ ಕರೆದರು. "ಡಿಸೆಂಬರಿನಲ್ಲಿ ಹತ್ತು ಮೈಲಿಯ ರಸ್ತೆ ಓಟ ಉಂಟಲ್ಲ, ಅದರಲ್ಲಿ ಮೊದಲ ಮೂವರಲ್ಲಿ ಬಾ. ಸರ್ಟಿಫಿಕೇಟು ಹಿಡಿದುಕೊಂಡು ನನ್ನ ಹತ್ರ ಬಾ. ಮತ್ತಿನದ್ದು ನಾನು ನೋಡ್ತೇನೆ" ಎಂದರು. ನನಗೆ ಆಗ ಇಪ್ಪತ್ತಾರು. ಅವರು ಆಡಿದ ಮಾತು ಇಷ್ಟೇ. ನಾನು ಅದರ ಮೇಲೆ ಮನೆ ಕಟ್ಟಿ, ಅಮ್ಮನ ಕೈಯಿಂದ ಬೀಡಿಯ ಮೊರ ಇಳಿಸಿ, ಮಾವನಿಗೊಂದು ವಾಚು ಕೊಡಿಸಿಯೂ ಆಗಿತ್ತು.

ಓಟದ ಸಮಿತಿಗೆ ಅಧ್ಯಕ್ಷರು ಮಾವನ ಧಣಿಗಳು. ಅವರ ಕಾಲೇಜು ಓದುವ ಮಗನೂ ಓಡುತ್ತಿದ್ದ. ಒಳ್ಳೆಯ ಓಟಗಾರನೇ, ಸುಳ್ಳು ಹೇಳಬಾರದು. ಕಾಲಿಗೆ ಮಾತ್ರ ದುಬೈಯಿಂದ ಬಂದ ಶೂ. ಹಿಂದಿನ ವರ್ಷ ಇಬ್ಬರು ಪಡೀಲಿನ ಹತ್ತಿರ ಲಾರಿ ಹತ್ತಿ, ತಿರುವಿನ ವರೆಗೆ ಹೋಗದೆಯೇ ವಾಪಸು ಬಂದು ಬಹುಮಾನ ಹೊಡೆದಿದ್ದರಂತೆ. ಹಾಗಾಗಿ ಈ ಸಲ ಹೊಸ ಕ್ರಮ. ಪಡೀಲು ದಾಟಿ ಐದನೆಯ ಮೈಲಿಯಲ್ಲಿ ಒಂದು ಮೇಜು ಹಾಕುವುದು, ಅಲ್ಲಿ ತಿರುಗುವ ಪ್ರತಿಯೊಬ್ಬನ ಕೈಗೆ ಹೋಟೆಲಿನ ದುಂಡು ಸೀಲು ಒತ್ತುವುದು. ಸೀಲು ಇಲ್ಲದವನಿಗೆ ಸ್ಥಾನವಿಲ್ಲ. ಸೀಲು ಹೋಟೆಲಿನದ್ದಾದ ಮೇಲೆ ಅದನ್ನು ಹಿಡಿಯುವ ಕೈಯೂ ಹೋಟೆಲಿನದ್ದೇ ಆಗಬೇಕಲ್ಲ. ಮಾವನೊಬ್ಬರನ್ನೇ ಅಲ್ಲಿ ಕೂರಿಸಿದರು.

ಓಟದ ದಿನ ಬೆಳಗ್ಗೆ ಏಳಕ್ಕೆ ಮೈದಾನದಿಂದ ಬಿಟ್ಟರು. ನೂರಕ್ಕೆ ಕಡಿಮೆ ಇಲ್ಲದ ಜನ. ಕಂಕನಾಡಿ ದಾಟುವಾಗಲೇ ಅರ್ಧ ಮಂದಿ ನಡೆಯುತ್ತಿದ್ದರು. ಪಂಪ್‌ವೆಲ್ಲಿನ ಇಳಿಜಾರಿನಲ್ಲಿ ನಾನು ಏಳನೆಯವನು, ಪಡೀಲಿನಲ್ಲಿ ಐದನೆಯವನು, ತಿರುವಿಗೆ ಬರುವಾಗ ನಾಲ್ಕನೆಯವನು. ನನ್ನ ಮುಂದೆ ಐವತ್ತು ಮಾರು ದೂರದಲ್ಲಿ ಧಣಿಗಳ ಮಗ. ಅವನು ಮೇಜಿನ ಮುಂದೆ ಮುಷ್ಟಿ ಚಾಚಿದ್ದು, ಮಾವ ಅವನ ಮುಂಗೈ ಮೇಲೆ ಸೀಲು ಒತ್ತಿದ್ದು ನನಗೆ ಕಾಣುತ್ತಿತ್ತು. ಎಲ್ಲರೂ ಹಾಗೆಯೇ ಮುಷ್ಟಿ ಚಾಚಿದರು. ನಾನು ಮಾತ್ರ ಅಂಗೈ ಒಡ್ಡಿದೆ.

ಯಾಕೆ ಎಂದು ಸಾವಿರ ಸಲ ಕೇಳಿಕೊಂಡಿದ್ದೇನೆ. ಉತ್ತರ ಬಹಳ ಸಣ್ಣದು. ಆರನೆಯ ಕ್ಲಾಸಿನಿಂದ ಆ ಮನುಷ್ಯನ ಎದುರು ನಾನು ಕೈ ಚಾಚಿದ್ದರೆ ಅದು ಅಂಗೈ ಮೇಲೆ ಮಾಡಿಯೇ. ಬಸ್ಸಿನ ಚಿಲ್ಲರೆಗೆ, ಪ್ರಸಾದಕ್ಕೆ, ಹಬ್ಬದ ಬಟ್ಟೆಗೆ. ಹಿರಿಯರ ಮುಂದೆ ಮುಷ್ಟಿ ಬಿಗಿದು ಗೊತ್ತಿಲ್ಲದ ಕೈ ತನ್ನಷ್ಟಕ್ಕೇ ಬಿಚ್ಚಿಕೊಂಡಿತು. ಮಾವನೂ ಗಡಿಬಿಡಿಯಲ್ಲಿ ಅದರ ಮೇಲೆಯೇ ಒತ್ತಿದರು. ಒತ್ತಿ, ಮೇಜಿನಿಂದ ಅರ್ಧ ಎದ್ದು, "ಬಲಿಪು ಮಗಾ, ನಾಲ್ಕನೆಯವ ನೀನು!" ಎಂದು ಕೂಗಿದರು. ಬಲಿಪು ಎಂದರೆ ತುಳುವಿನಲ್ಲಿ ಓಡು. ಅವರು ನನಗೆ ಓಡು ಎಂದು ಹೇಳಿದ್ದು ಜನ್ಮದಲ್ಲಿ ಅದೊಂದೇ ಸಲ. ಆ ಸಂತೋಷಕ್ಕೆ ಮುಂದಿನ ಅರ್ಧ ಮೈಲಿ ಕಾಲು ನೆಲ ಮುಟ್ಟಲಿಲ್ಲ.

ಪಂಪ್‌ವೆಲ್ಲಿನಿಂದ ಕಂಕನಾಡಿಗೆ ಹತ್ತುವ ಏರಿನಲ್ಲಿ ಧಣಿಗಳ ಮಗನ ಹೆಗಲು ಎದ್ದು ಕುಣಿಯಲು ಶುರುವಾಯಿತು. ದಣಿದವನ ಗುರುತು ಅದು. ಬಜಪೆಯ ಏರು ಹತ್ತಿದವನಿಗೆ ಇದು ಯಾವ ಲೆಕ್ಕ? ಮಾರ್ಕೆಟಿನ ಹತ್ತಿರ ಎಳನೀರು ಮಾರುವವನೊಬ್ಬ ಪುಣ್ಯ ಕಟ್ಟಿಕೊಳ್ಳಲೆಂದು ಓಡುವವರ ತಲೆಗೆ ಚೊಂಬಿನಿಂದ ನೀರು ಹೊಯ್ಯುತ್ತಿದ್ದ. ನನ್ನ ತಲೆಗೂ ಹೊಯ್ದ. ಕಣ್ಣಿಗೆ ಉಪ್ಪು ಬೆವರು ಇಳಿದು ಉರಿಯುತ್ತಿತ್ತು. ಎರಡೂ ಕೈಯಲ್ಲಿ ಮುಖವನ್ನು ಚೆನ್ನಾಗಿ ಉಜ್ಜಿ ಒರೆಸಿಕೊಂಡು, ಇನ್ನೂರು ಮಾರಿನೊಳಗೆ ಅವನನ್ನು ದಾಟಿದೆ. ದಾಟುವಾಗ ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ.

ಮೈದಾನದಲ್ಲಿ ಮೂರನೆಯವನಾಗಿ ಹಗ್ಗ ದಾಟಿದಾಗ ಚಪ್ಪಾಳೆಯ ಜೊತೆಗೆ ನಗು ಕೇಳಿಸಿತು. "ಎಂತ ಮಾರಾಯ, ಮುಖಕ್ಕೆ ಬಣ್ಣ? ಹುಲಿವೇಷ ಉಂಟಾ?" ಎಂದು ಯಾರೋ ಕೂಗಿದರು. ಹಣೆ, ಕೆನ್ನೆ, ಮೂಗು ಎಲ್ಲ ನೇರಳೆ. ಅಂಗೈ ನೋಡಿಕೊಂಡೆ. ಅಲ್ಲಿ ಒಂದು ತಿಳಿ ನೇರಳೆ ಕೆಸರು, ಅಷ್ಟೇ. ಸೀಲಿನ ಒಂದು ಅಕ್ಷರವೂ ಉಳಿದಿರಲಿಲ್ಲ.

ಪರೀಕ್ಷೆ ಮಾಡುವವರು ನನ್ನ ಕೈಯನ್ನು ಆಚೆ ಈಚೆ ತಿರುಗಿಸಿ ನೋಡಿದರು. "ಸೀಲು ಇಲ್ವಲ್ಲ?" "ಇದೆಲ್ಲ ಅದೇ ಸಾರ್, ಮುಖದಲ್ಲಿ ಉಂಟಲ್ಲ" ಎಂದೆ. ಮತ್ತೆ ನಗು. "ಮುಖದಲ್ಲಿ ಶಾಯಿ ಉಂಟು ಮಾರಾಯ, ಸೀಲು ಇಲ್ಲ. ಶಾಯಿ ಯಾವ ಅಂಗಡಿಯಲ್ಲೂ ಸಿಗ್ತದೆ." ಅಷ್ಟರಲ್ಲಿ ಧಣಿಗಳ ಮಗ ಬಂದ. ಅವನ ಮುಂಗೈಯಲ್ಲಿ ದುಂಡಗೆ, ಸ್ವಚ್ಛವಾಗಿ, ದಸ್ತಾವೇಜಿಗೆ ಒತ್ತಿದ ಹಾಗೆ ಸೀಲು. ನಾನು ಅವನಿಗೆ ಹೇಳಿದೆ, "ಕಂಕನಾಡಿಯಲ್ಲಿ ನಾನು ನಿಮ್ಮನ್ನು ದಾಟಿದ್ದು, ಅಲ್ವಾ?" ಅವನು ಬಗ್ಗಿ ಶೂವಿನ ಲೇಸು ಬಿಚ್ಚತೊಡಗಿದ. "ದಾಟಿದ್ದು ಹೌದು. ತಿರುವಿನ ವಿಷಯ ನನಗೆ ಗೊತ್ತಿಲ್ಲ" ಎಂದ. ಅದೂ ಸರಿಯೇ, ತಿರುವಿನಲ್ಲಿ ನಾನು ಅವನ ಬೆನ್ನ ಹಿಂದೆ ಇದ್ದೆ.

ಕೊನೆಗೆ ಒಬ್ಬರು, "ತಿರುವಿನಲ್ಲಿ ಕೂತವರು ಬರಲಿ, ಅವರನ್ನೇ ಕೇಳುವ" ಎಂದರು. ನಾನು ಹಾಯಾಗಿ ಹುಲ್ಲಿನ ಮೇಲೆ ಕಾಲು ಚಾಚಿ ಕೂತೆ. ಅಲ್ಲಿ ಕೂತವರು ನನ್ನ ಮಾವ. ಇನ್ನೇನು ಬೇಕು? ಲಿಂಬೆ ಶರಬತ್ತು ಕೊಟ್ಟರು, ಎರಡು ಲೋಟ ಕುಡಿದೆ. ಬ್ಯಾಂಕಿನವರು ದೂರದಿಂದ ಕೈ ಎತ್ತಿದರು, ನಾನೂ ಎತ್ತಿದೆ.

ಮಾವ ಜೀಪಿನಿಂದ ಇಳಿದಾಗ ಗಂಟೆ ಒಂಬತ್ತೂವರೆ. ಅವರಿಗೆ ವಿಷಯ ಹೇಳಿದರು. ಅವರು ನನ್ನ ಮುಖ ನೋಡಿದರು, ಅಂಗೈ ನೋಡಿದರು. ಆಮೇಲೆ ಶಾಮಿಯಾನದ ಕೆಳಗೆ ಕೂತ ಧಣಿಗಳನ್ನು, ಅವರ ಪಕ್ಕದಲ್ಲಿ ಟವೆಲು ಹೊದ್ದು ಕೂತ ಮಗನನ್ನು ನೋಡಿದರು. ಧಣಿಗಳು ಏನೂ ಹೇಳಲಿಲ್ಲ. ಇದು ಮುಖ್ಯ. ಅವರು ಕಣ್ಣು ಸನ್ನೆಯನ್ನೂ ಮಾಡಲಿಲ್ಲ. ಒಲೆ ಹೊತ್ತಿಸುವ ಮೊದಲೇ ಬೇಯುವ ಅಕ್ಕಿಯ ಹಾಗೆ ಮಾವ ತಾವೇ ಬೆಂದರು.

"ಇವ ನನ್ನ ಅಳಿಯ ಸಾರ್," ಎಂದರು. ಕನ್ನಡದಲ್ಲಿ. ನಾನು ಇದ್ದ ಕಡೆ ಅವರು ತುಳು ಬಿಟ್ಟು ಬೇರೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. "ನಾನು ಇವನ ಪರವಾಗಿ ಹೇಳಿದರೆ ಪಕ್ಷಪಾತ ಆಗ್ತದೆ. ಸೀಲು ಇದ್ದರೆ ಕೊಡಿ, ಇಲ್ಲದಿದ್ದರೆ ಬಿಡಿ. ನಿಯಮ ಎಲ್ಲರಿಗೂ ಒಂದೇ."

ಯಾರೋ "ಭೇಷ್" ಎಂದರು. ಸ್ವಂತ ಅಳಿಯನಿಗೂ ರಿಯಾಯಿತಿ ಇಲ್ಲ, ಇಂಥವರು ಈ ಕಾಲದಲ್ಲಿ ಎಲ್ಲಿ ಸಿಗುತ್ತಾರೆ! ಧಣಿಗಳು ಎದ್ದು ಬಂದು ಮಾವನ ಬೆನ್ನು ತಟ್ಟಿದರು. ನಾನು ನಿಂತಲ್ಲೇ, "ಮಾವ, ನಾಲ್ಕನೆಯವ ಅಂತ ಕೂಗಿದ್ದು ನೀವೇ ಅಲ್ವಾ?" ಎಂದು ಕೇಳಿದೆ. ಅವರು ನನ್ನ ಕಡೆ ತಿರುಗಲಿಲ್ಲ. ಸುಳ್ಳು ಹೇಳಿದ್ದರೆ ಹಿಡಿದು ಕೇಳಬಹುದಿತ್ತು. ಈ ಮನುಷ್ಯ ಸುಳ್ಳೂ ಹೇಳಲಿಲ್ಲ, ಸತ್ಯವನ್ನೂ ಹೇಳಲಿಲ್ಲ. ಎರಡರ ನಡುವೆ ತೂರಿಕೊಂಡು ಪ್ರಾಮಾಣಿಕ ಎನಿಸಿಕೊಂಡರು. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಯಾರಿಗೆ ಕೊಡುವುದು?

ಮೂರನೆಯ ಸ್ಥಾನ ಧಣಿಗಳ ಮಗನಿಗೆ ಹೋಯಿತು. ಬ್ಯಾಂಕಿನವರು ಹತ್ತಿರ ಬಂದು, "ನೀನು ಓಡಿದ್ದನ್ನು ನಾನು ನೋಡಿದ್ದೇನೆ. ಆದರೆ ಮೇಲಿನವರಿಗೆ ತೋರಿಸಲಿಕ್ಕೆ ನನಗೆ ಕಾಗದ ಬೇಕಲ್ಲ ಮಾರಾಯ" ಎಂದು ಹೇಳಿ ಸ್ಕೂಟರ್ ಹತ್ತಿದರು. ಮುಂದಿನ ವರ್ಷ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಮಾತು ನಮ್ಮಲ್ಲಿ ಉಂಟು. ನನ್ನದು ಕೈಗೆ ಬಂದದ್ದನ್ನು ಮುಖಕ್ಕೆ ಬಳಿದುಕೊಂಡ ಕತೆ.

ಆ ಮೇಲೆ ಹತ್ತು ದಿನ ನಾನು ಮಾವನ ಜೊತೆ ಮಾತಾಡಲಿಲ್ಲ, ಅವರ ಜೊತೆ ಕೂತು ಉಣ್ಣಲಿಲ್ಲ. ಅವರು ಮನೆಗೆ ಬರುವಾಗ ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಹೋಗುತ್ತಿದ್ದೆ. ಅಮ್ಮನಿಗೆ ಗೊತ್ತಿದ್ದದ್ದು ಅವರು ಹೇಳಿದಷ್ಟೇ. ಸೀಲು ಅಳಿಸಿಹೋಯಿತು, ನಿಯಮದ ಪ್ರಕಾರ ಆಗಲಿಲ್ಲ. "ಅವರೆಂತ ಮಾಡ್ಲಿಕ್ಕೆ ಆಗ್ತದೆ ಮಗಾ, ನೀನು ಮುಖ ಉಜ್ಜಿದ್ದು ಯಾಕೆ?" ಎಂದು ನನ್ನನ್ನೇ ಕೇಳಿದಳು. ಶನಿವಾರ ಮೊಟ್ಟೆ ಬಂತು. ನಾನು ಮುಟ್ಟಲಿಲ್ಲ. ಮರುದಿನ ಅಮ್ಮ ಅದನ್ನು ಬೆಕ್ಕಿಗೆ ಹಾಕಿದಳು.

ಹನ್ನೊಂದನೆಯ ದಿನ ಮಾವ ಬಾಗಿಲಲ್ಲೇ ನನ್ನನ್ನು ತಡೆದು ನಿಲ್ಲಿಸಿದರು. "ಧಣಿಗಳು ಕರೆದಿದ್ದಾರೆ. ಸ್ಟೋರಿನಲ್ಲಿ ಜನ ಬೇಕಂತೆ. ಕಾಯಂ ಕೆಲಸ. ನಿನ್ನ ಹೆಸರು ಅವರೇ ಹೇಳಿದ್ದು, ನಾನಲ್ಲ." ಆಗಲೂ ಅದೇ "ನಾನಲ್ಲ"! ಆ ಮನುಷ್ಯನ ಜೀವನದಲ್ಲಿ ಏನಾದರೂ ಒಂದು ಅವರೇ ಮಾಡಿದ್ದು ಇದೆಯೇ ಎಂದು ಕೇಳಬೇಕೆನಿಸಿತು. ನಾನು ಉಗಿದು ಹೊರಗೆ ನಡೆದೆ. ಬಂದರಿನ ದಕ್ಕೆಯ ವರೆಗೆ ಹೋಗಿ, ಮಧ್ಯಾಹ್ನದ ವರೆಗೆ ಅಲ್ಲಿ ಕೂತು, ಹಸಿವಾಗಿ ವಾಪಸು ಬಂದೆ.

ಇಂಥ ಕಡೆ ಮಾನವಂತರು ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಬೇಡ ಎನ್ನುತ್ತಾರೆ. ಬೊಂಬಾಯಿಗೆ ಹೋಗಿ ಕ್ಯಾಂಟೀನಿನಲ್ಲಿ ಲೋಟ ತೊಳೆಯುತ್ತಾರೆ. ನನಗೆ ಇಪ್ಪತ್ತಾರು ವರ್ಷ, ಅಮ್ಮನ ಬೆರಳ ತುದಿ ಬೀಡಿಯ ಹೊಗೆಸೊಪ್ಪಿನಿಂದ ಕಂದಿಹೋಗಿತ್ತು, ಮತ್ತು ಕಾಯಂ ಎಂಬ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ನನ್ನ ಹೆಸರಿನ ಜೊತೆ ಹೇಳಿರಲಿಲ್ಲ. ಈ ಕಾರಣಗಳೆಲ್ಲ ನಿಜ. ಆದರೆ ಕಾರಣಗಳು ಮಾವನಿಗೂ ಇದ್ದವು.

ಸೋಮವಾರ ಬೆಳಗ್ಗೆ ಓಡಲು ಹೋಗಲಿಲ್ಲ. ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು ಊಟಕ್ಕೆ ಕೂತೆ. ಅಮ್ಮ ಗಂಜಿ ಬಡಿಸುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ, ಅಷ್ಟು ಸಂತೋಷ.

"ಇಷ್ಟು ವರ್ಷ ಓಡಿದ್ದಕ್ಕೆ ಕೊನೆಗೂ ಒಂದು ಪ್ರಯೋಜನ ಆಯ್ತು ನೋಡು," ಎಂದಳು. "ನಿನ್ನ ಮಾವ ಅವತ್ತು ನ್ಯಾಯದಲ್ಲಿ ನಿಂತದ್ದಕ್ಕೇ ಧಣಿಗಳಿಗೆ ನಮ್ಮ ಮೇಲೆ ಇಷ್ಟು ವಿಶ್ವಾಸ. ಹೌದಾ ಅಲ್ವಾ, ನೀನೇ ಹೇಳು."

ಹಿತ್ತಿಲ ಬಾವಿಕಟ್ಟೆಯಲ್ಲಿ ಮಾವ ಕಾಲು ತೊಳೆಯುತ್ತಿದ್ದರು. ನೀರು ಹೊಯ್ಯುವ ಸದ್ದು ನಿಂತಿತು. ಅಮ್ಮ ಸೌಟು ಹಿಡಿದುಕೊಂಡು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಬಾಯಿಯ ವರೆಗೆ ಎಲ್ಲವೂ ಬಂದಿತ್ತು, ತಿರುವು, ಮೇಜು, ಅವರು ಅರ್ಧ ಎದ್ದು ಕೂಗಿದ್ದು.

"ಹೌದಮ್ಮ," ಎಂದೆ.

ಹಿತ್ತಿಲಲ್ಲಿ ಮತ್ತೆ ನೀರು ಹೊಯ್ಯುವ ಸದ್ದು ಕೇಳಿಸಿತು. ಆ ಹೋಟೆಲಿನಲ್ಲಿ ನಾನು ನಿವೃತ್ತಿಯ ವರೆಗೆ ಕೆಲಸ ಮಾಡಿದೆ.